ಅವ್ವನ ಸಿಟ್ಟಿಗೆ ದೆವ್ವದ ಹೆಸರು, ಮಾತ್ರೆಯ ತಪ್ಪಿಗೆ ಅವ್ವನ ಹೆಸರು

ಗಂಡಸಿಗೆ ಸಿಟ್ಟು ಬಂದರೆ ಅದಕ್ಕೊಂದು ಕಾರಣ ಇರುತ್ತದೆ. ಹೆಂಗಸಿಗೆ ಸಿಟ್ಟು ಬಂದರೆ ಅದಕ್ಕೊಂದು ದೆವ್ವ ಇರುತ್ತದೆ. ಇದು ನಮ್ಮ ಊರುಗಳ ವೈದ್ಯಶಾಸ್ತ್ರ. ನಲವತ್ತೈದು ದಾಟಿದವಳು ರಾತ್ರಿ ನಿದ್ದೆಗೆಟ್ಟು ಕೂತರೆ ಗಾಳಿ ಸೋಕಿದೆ. ಹೊಲದ ಬದುವಿನ ಮೇಲೆ ಸುಮ್ಮನೆ ಅತ್ತರೆ ಯಾರೋ ಮಾಟ ಮಾಡಿಸಿದ್ದಾರೆ. ಗಂಡನಿಗೆ ಎದುರಾಡಿದರೆ ತಲೆ ಕೆಟ್ಟಿದೆ. ಬೇವಿನ ಸೊಪ್ಪಿನ ಏಟು, ನಿಂಬೆಹಣ್ಣು, ತಾಯಿತ. ಓದಿದವರ ಮನೆಯಲ್ಲಿ ಬೇವಿನ ಸೊಪ್ಪಿಲ್ಲ. ಅಲ್ಲಿ 'ಮೆನೋಪಾಸ್ ಕಣ್ರೀ' ಅಂತ ಗಂಡಸರು ಕಣ್ಣು ಮಿಟುಕಿಸಿ ನಗುತ್ತಾರೆ. ಎರಡೂ ಒಂದೇ. ಎರಡು ಕಡೆಯೂ ಅವಳ ಮಾತು ಕೇಳುವವರಿಲ್ಲ.

ಗೆಳೆಯರೆ, ನಾವು ಹೇಳಹೊರಟಿರುವುದು ಇದರ ಮುಂದಿನ ಅನ್ಯಾಯ. ನಮ್ಮ ಕೇರಿಗಳಿಂದ ಹೊರಟ ಹೆಂಗಸರು ಇವತ್ತು ಅಂಗನವಾಡಿಯಲ್ಲಿದ್ದಾರೆ, ಆಶಾ ಕಾರ್ಯಕರ್ತೆಯರಾಗಿದ್ದಾರೆ, ಪೌರಕಾರ್ಮಿಕರಾಗಿದ್ದಾರೆ, ಅಲ್ಲೊಬ್ಬರು ಇಲ್ಲೊಬ್ಬರು ಪ್ರೈಮರಿ ಸ್ಕೂಲಿನ ಟೀಚರಾಗಿದ್ದಾರೆ. ಮುಟ್ಟು ಪೂರ್ತಿ ನಿಲ್ಲುವುದಕ್ಕೆ ಮುಂಚಿನ ಆ ವರ್ಷಗಳಲ್ಲಿ ಒಂದು ತಿಂಗಳು ಹೊಳೆ, ಇನ್ನೊಂದು ತಿಂಗಳು ಬರ. ಮೈಗೆ ಬೆಂಕಿ ಹೊತ್ತಿದ ಹಾಗೆ ಉರಿ, ಬೆವರು. ಸಾಕಾಗಿ ಕೆಲವರು ತಾಲೂಕಿನ ಲೇಡಿ ಡಾಕ್ಟರ ಹತ್ತಿರ ಹೋಗುತ್ತಾರೆ. ಅವರಲ್ಲಿ ಕೆಲವರಿಗೆ ಹಾರ್ಮೋನ್ ಮಾತ್ರೆ ಸಿಗುತ್ತದೆ.

ಅಂಗನವಾಡಿಯಲ್ಲಿರುವ ನಮ್ಮ ಚಿಕ್ಕವ್ವನಿಗೂ ಸಿಕ್ಕಿತು. ಕೆಲವು ವಾರಕ್ಕೆ ಮೈಯುರಿ ಇಳಿಯಿತು. 'ಮೈ ತಣ್ಣಗಾಯ್ತು, ಮನಸ್ಸು ಉರಿಯೋಕೆ ಹತ್ಕೊಳ್ತು ಕಣ್ ಮಗ' ಎಂದಳು. ತಿಂಗಳಲ್ಲಿ ಹನ್ನೆರಡು ದಿನ ಅವಳು ಅವಳಾಗಿರಲಿಲ್ಲ. ಮಕ್ಕಳ ಮೇಲೆ ರೇಗಿ ಆಮೇಲೆ ಒಲೆ ಮುಂದೆ ಕೂತು ಅಳುತ್ತಿದ್ದಳು. ಮತ್ತೆ ಡಾಕ್ಟರ ಹತ್ತಿರ ಹೋಗಿ ಹೇಳಿಕೊಂಡರೆ ಸಿಕ್ಕ ಉತ್ತರ: 'ಮನೇಲಿ ಜಗಳಾನಾ? ಎಲ್ಲಾ ನಿನ್ನ ತಲೇಲಿದೆ, ಹೋಗಮ್ಮ.' ಏಕವಚನ ಗಮನಿಸಿ. ಚಿಕ್ಕವ್ವ ಮನೆಗೆ ಬಂದು ತನಗೆ ತಿಳಿದ ನ್ಯಾಯ ಮಾಡಿದಳು. ಎರಡು ಮಾತ್ರೆಗಳಲ್ಲಿ ಯಾವುದು ಶುರುವಾದ ದಿನದಿಂದ ಮನಸ್ಸು ಕೆಡುತ್ತಿತ್ತೋ ಅದನ್ನು ತಿಪ್ಪೆಗೆಸೆದು ಇನ್ನೊಂದನ್ನು ನುಂಗುತ್ತ ಹೋದಳು. ಅವಳ ಲೆಕ್ಕ ಸರಿಯಾಗೇ ಇತ್ತು. ಆದರೆ ಎಸೆದದ್ದು ಅವಳ ಗರ್ಭಕೋಶವನ್ನು ಕಾಯುತ್ತಿದ್ದ ಮಾತ್ರೆ. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ನಾವು ಡಾಕ್ಟರಲ್ಲ, ಕೇರಿಯಲ್ಲಿ ಮೊದಲು ಡಿಗ್ರಿ ಮಾಡಿದವರು. ಹಾಗಾಗಿ ಮಾತ್ರೆ ಡಬ್ಬಿಯೊಳಗಿನ ಇರುವೆ ಅಕ್ಷರದ ಕಾಗದ ಓದಿ ಹೇಳುವ ಕೆಲಸ ನಮ್ಮ ಪಾಲಿಗೆ ಬಂದಿದೆ. ಇಂಗ್ಲಿಷಿನ ಆ ಕಾಗದದಲ್ಲಿ ಖಿನ್ನತೆ ಇದೆ, ಸಿಡುಕು ಇದೆ, ಮನಸ್ಸಿನ ಏರಿಳಿತ ಇದೆ. ಕಂಪನಿಗೆ ಗೊತ್ತು, ಡಾಕ್ಟರಿಗೆ ಗೊತ್ತು. ನುಂಗುವವಳಿಗೆ ಮಾತ್ರ ಗೊತ್ತಿಲ್ಲ.

ಈ ಚಿಕಿತ್ಸೆಯಲ್ಲಿ ಎರಡು ಬಗೆಯ ಹಾರ್ಮೋನು. ಈಸ್ಟ್ರೋಜೆನ್ ಮೈಯುರಿ, ಬೆವರು, ನಿದ್ದೆಗೇಡು ತಗ್ಗಿಸುತ್ತದೆ. ಎಷ್ಟೋ ಹೆಂಗಸರಿಗೆ ಕುಸಿದ ಮನಸ್ಸನ್ನೂ ಎತ್ತಿ ನಿಲ್ಲಿಸುತ್ತದೆ. ಆದರೆ ಅದೊಂದನ್ನೇ ನುಂಗುತ್ತ ಹೋದರೆ ಗರ್ಭಕೋಶದ ಒಳಪದರ ದಪ್ಪವಾಗಿ ಕ್ಯಾನ್ಸರಿಗೆ ದಾರಿಯಾಗಬಹುದು. 1975ರಲ್ಲೇ ಅಮೆರಿಕದ ವೈದ್ಯಪತ್ರಿಕೆಯಲ್ಲಿ ಇದು ಅಚ್ಚಾಗಿದೆ. ಅದಕ್ಕೇ ಗರ್ಭಕೋಶ ಇರುವವರಿಗೆ ಪ್ರೊಜೆಸ್ಟೋಜೆನ್ ಎಂಬ ಎರಡನೆಯದನ್ನು ಕಾವಲಿಗೆ ಕೊಡುತ್ತಾರೆ. ಕೆಲವರಿಗೆ ದಿನವೂ, ಮುಟ್ಟು ಇನ್ನೂ ನಿಲ್ಲದವರಿಗೆ ಸಾಮಾನ್ಯವಾಗಿ ತಿಂಗಳಿಗೆ ಹನ್ನೆರಡರಿಂದ ಹದಿನಾಲ್ಕು ದಿನ. ಕೆಲವರ ಮನಸ್ಸಿಗೆ ಹೊಡೆಯುವುದು ಈ ಕಾವಲುಗಾರನೇ. ಎಲ್ಲರಿಗೂ ಹೀಗಾಗುವುದಿಲ್ಲ. ಮೊದಲಿಂದಲೂ ಮುಟ್ಟಿನ ಮುಂಚಿನ ವಾರದಲ್ಲಿ ಸಿಡುಕಿ ಅಳುತ್ತಿದ್ದವರಿಗೆ, ಬಾಣಂತನದಲ್ಲಿ ಮನಸ್ಸು ಕುಸಿದವರಿಗೆ ಇದರ ಕಾಟ ಹೆಚ್ಚು. ಪ್ರೊಜೆಸ್ಟೆರಾನ್ ಮೈಯೊಳಗೆ ಒಡೆದು ಆಗುವ ಒಂದು ವಸ್ತು ಮಿದುಳನ್ನು ತಣ್ಣಗೆ ಮಾಡಬೇಕಾದದ್ದು. ಕೆಲವು ಹೆಂಗಸರಲ್ಲಿ ಅದೇ ಉಲ್ಟಾ ಹೊಡೆಯುತ್ತದೆ. ಇದು ಗುಣವಲ್ಲ, ನಡತೆಯಲ್ಲ, ಕುಲವಲ್ಲ. ರಸಾಯನ.

ಈ ಔಷಧದ ಚರಿತ್ರೆಯೇ ಹೆಂಗಸಿನ ಮಾತು ಕೇಳದ ಚರಿತ್ರೆ. 1942ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಪ್ರೆಮರಿನ್ ಗಬ್ಬದ ಕುದುರೆಗಳ ಉಚ್ಚೆಯಿಂದ ತೆಗೆದದ್ದು. (ಗೋಮೂತ್ರದವರು ಬೇಸರ ಮಾಡಿಕೊಳ್ಳಬಾರದು.) 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ಅಲ್ಲಿಯ ಡಾಕ್ಟರು 'ಫೆಮಿನೈನ್ ಫಾರೆವರ್' ಅಂತ ಪುಸ್ತಕ ಬರೆದು, ಮುಟ್ಟು ನಿಲ್ಲುವುದನ್ನೇ ಒಂದು ಕೊರತೆಯ ರೋಗ ಮಾಡಿಬಿಟ್ಟ. ಮಾತ್ರೆ ನುಂಗಿದವಳು ಗಂಡನಿಗೆ ಹಿತವಾಗಿರುತ್ತಾಳೆ ಅನ್ನುವುದು ಅವನ ವಾದದ ತಿರುಳು. 2002ರ ಜುಲೈನಲ್ಲಿ, 16,608 ಹೆಂಗಸರನ್ನು ಸೇರಿಸಿಕೊಂಡು ನಡೆಯುತ್ತಿದ್ದ ದೊಡ್ಡ ಪರೀಕ್ಷೆಯೊಂದನ್ನು ಸ್ತನ ಕ್ಯಾನ್ಸರಿನ ಅಪಾಯ ಕಂಡು ನಿಲ್ಲಿಸಿದರು. ಆ ಹೆಂಗಸರ ಸರಾಸರಿ ವಯಸ್ಸು 63. ಹೆದರಿಕೆ ಮಾತ್ರ ನಲವತ್ತೈದರವರಿಗೂ ಹಬ್ಬಿತು. ಮೊದಲು ಎಲ್ಲರಿಗೂ ಕೊಡು, ಆಮೇಲೆ ಯಾರಿಗೂ ಕೊಡಬೇಡ. ನಿನಗೆ ಹೇಗಾಗ್ತಿದೆ ತಾಯಿ ಅಂತ ಕೇಳುವ ಕೆಲಸ ಎರಡು ಸಲವೂ ಹಿಂದೆ ಬಿತ್ತು.

ಇನ್ನು ನಮ್ಮ ನಾಡಿಗೆ ಬನ್ನಿ. ಹಾರ್ಮೋನ್ ಅಂದರೆ ಹೌಹಾರುವ ಮನೆಗಳು ಜಾತ್ರೆಗೆ, ಗೃಹಪ್ರವೇಶಕ್ಕೆ, ಸತ್ಯನಾರಾಯಣ ಪೂಜೆಗೆ ಹೆಂಗಸರ ಕೈಗೆ ಮುಟ್ಟು ಮುಂದೆ ಹಾಕುವ ಮಾತ್ರೆ ಕೊಡುತ್ತವೆ. ಚೀಟಿ ಬೇಡ, ಡಾಕ್ಟರು ಬೇಡ, ಮೆಡಿಕಲ್ ಶಾಪಿನ ಹುಡುಗ ಸಾಕು. ಆ ಮಾತ್ರೆ ನಾರ್‌ಎಥಿಸ್ಟೆರೋನ್, ಪ್ರೊಜೆಸ್ಟೋಜೆನ್ ಜಾತಿಯದೇ. ಮುಟ್ಟು ತಡೆಯಲು ದಿನಕ್ಕೆ 15 ಮಿಲಿಗ್ರಾಂ ವರೆಗೆ ನುಂಗಿಸುತ್ತಾರೆ. ಮುಟ್ಟು ನಿಲ್ಲುವ ಕಾಲದ ಚಿಕಿತ್ಸೆಯ ಜೋಡಿ ಮಾತ್ರೆಯಲ್ಲಿ ಅದೇ ಔಷಧ ಸಾಮಾನ್ಯವಾಗಿ 1 ಮಿಲಿಗ್ರಾಂ, ಇಲ್ಲವೇ ಅದಕ್ಕೂ ಕಮ್ಮಿ. ದೇವರಿಗೆ ಮೈಲಿಗೆಯಾಗದಿರಲಿ ಅಂತ ಹದಿನೈದು ಕೊಟ್ಟರೆ ಭಕ್ತಿ, ಅವಳು ಒಂದು ರಾತ್ರಿ ಕಣ್ಣು ಮುಚ್ಚಲಿ ಅಂತ ಒಂದು ಕೊಟ್ಟರೆ ಅಪಾಯ! ನಮ್ಮನ್ನು ಗುಡಿಯಿಂದ ಹೊರಗಿಟ್ಟ ಮೈಲಿಗೆಯೇ ಮಾತ್ರೆಯಾಗಿ ಅವರ ಮನೆ ಹೆಂಗಸರ ಹೊಟ್ಟೆಗೂ ಇಳಿದಿದೆ. ಈಗ ನಮ್ಮ ಕೇರಿಯವರೂ ಇದನ್ನು ಕಲಿತಿದ್ದಾರೆ, ನಾಚಿಕೆಗೇಡು.

ಸರ್ಕಾರದ ಕತೆ ಬೇರೆಯಲ್ಲ. ಮಕ್ಕಳು ಬೇಡ ಅನ್ನುವಾಗ ಹಾರ್ಮೋನು ಕೇರಿಯ ಬಾಗಿಲಿಗೇ ಬರುತ್ತದೆ. ಮಾಲಾ-ಎನ್ ಮಾತ್ರೆ ಪುಕ್ಕಟೆ. 2017ರಿಂದ 'ಅಂತರಾ' ಎಂಬ ಚುಚ್ಚುಮದ್ದು ಪುಕ್ಕಟೆ, ಮೂರು ತಿಂಗಳಿಗೊಮ್ಮೆ, ಅದೂ ಪ್ರೊಜೆಸ್ಟೋಜೆನ್ನೇ. ಹೆರುವ ಮೈ ಇರುವ ತನಕ ಪಟ್ಟಿಯಲ್ಲಿ ಹೆಸರಿರುತ್ತದೆ. ಹೆರುವುದು ಮುಗಿದ ಮೇಲೆ ನಮ್ಮೂರ ಆಸ್ಪತ್ರೆಯಲ್ಲಿ ಕೇಳಿದವರಿಗೆ ಸಿಕ್ಕಿದ್ದು ಕಬ್ಬಿಣದ ಮಾತ್ರೆ ಮತ್ತು 'ವಯಸ್ಸಾಯ್ತಲ್ಲಮ್ಮ' ಎನ್ನುವ ಉಪದೇಶ.

ಇನ್ನೂ ಕೆಳಗೆ ನೋಡಿ. 2015ರ ಹೊತ್ತಿಗೆ ಕಲಬುರಗಿ ಜಿಲ್ಲೆಯಲ್ಲಿ, ಬಿಳಿಸೆರಗು ಹೊಟ್ಟೆನೋವು ಅಂತ ಹೋದ ಲಂಬಾಣಿ, ದಲಿತ ಹೆಂಗಸರ ಗರ್ಭಚೀಲಗಳನ್ನು ಖಾಸಗಿ ಆಸ್ಪತ್ರೆಗಳು ಕಿತ್ತುಹಾಕಿದ್ದು ಬಯಲಾಯಿತು. 2017ರಲ್ಲಿ ಆ ಹೆಂಗಸರೇ ನ್ಯಾಯ ಕೇಳಿ ಬೀದಿಗಿಳಿದರು. ನಮ್ಮ ಬೆಳಗಾವಿ ಸೀಮೆಗೂ ಕಬ್ಬು ಕಡಿಯಲು ಬರುವ ಮಹಾರಾಷ್ಟ್ರದ ಬೀಡ್ ಜಿಲ್ಲೆಯವರ ಕತೆ 2019ರಲ್ಲಿ ಹೊರಬಿತ್ತು: ಸಮೀಕ್ಷೆ ಮಾಡಿದ 82 ಸಾವಿರ ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಜನಕ್ಕೆ ಗರ್ಭಕೋಶವಿಲ್ಲ. ಅಂಡಾಶಯವನ್ನೂ ಕಿತ್ತರೆ ಹಾರ್ಮೋನು ದಿಢೀರನೆ ನೆಲಕಚ್ಚುತ್ತದೆ; ಬಿಟ್ಟರೂ ಕೆಲವರಿಗೆ ಬೇಗನೆ ಬತ್ತುತ್ತದೆ. ಗರ್ಭಕೋಶವಿಲ್ಲದವರಿಗೆ ಸಾಮಾನ್ಯವಾಗಿ ಈಸ್ಟ್ರೋಜೆನ್ ಒಂದೇ ಸಾಕು, ಮನಸ್ಸು ಕೆಡಿಸುವ ಕಾವಲುಗಾರನ ಕಾಟವಿಲ್ಲ. ಚಿಕಿತ್ಸೆ ಯಾರಿಗೆ ಸಲೀಸೋ ಅವರಿಗೇ ಅದರ ಸುದ್ದಿಯಿಲ್ಲ. ಕೀಳುವ ಕತ್ತರಿ ತಾಂಡಾಕ್ಕೆ ತಲುಪಿತು, ಆಮೇಲಿನ ಔಷಧ ತಲುಪಲಿಲ್ಲ. ಮೂವತ್ತೈದಕ್ಕೇ ಬೆವರಿ, ಸಿಡುಕಿ, ಅಳುವ ಅವಳನ್ನು ದೆವ್ವ ಬಿಡಿಸುವವನ ಮುಂದೆ ಕೂರಿಸುತ್ತಾರೆ.

ಹಾಗಾದರೆ ಮಾಡುವುದೇನು? ಬೈದು ಸುಮ್ಮನಾಗುವ ಜಾತಿ ನಮ್ಮದಲ್ಲ. ಚಿಕ್ಕವ್ವನ ಕೈಗೆ ಒಂದು ಹಳೇ ಕಾಪಿ ಪುಸ್ತಕ ಕೊಟ್ಟೆವು. ತಾರೀಖು, ನುಂಗಿದ ಮಾತ್ರೆ, ನಿದ್ದೆ, ಮುಟ್ಟು, ಮನಸ್ಸು. ಮನಸ್ಸಿಗೆ ಅವಳದೇ ಗುರುತು: ತೆರೆದ ಕಣ್ಣು, ಮುಚ್ಚಿದ ಕಣ್ಣು. ಎರಡು ತಿಂಗಳಾದ ಮೇಲೆ ಪುಟ ತಿರುವಿದರೆ ಮುಚ್ಚಿದ ಕಣ್ಣುಗಳೆಲ್ಲ ಎರಡನೇ ಮಾತ್ರೆಯ ದಿನಗಳಲ್ಲೇ ಸಾಲಾಗಿ ಕೂತಿದ್ದವು. ಆ ಪುಸ್ತಕ ಹಿಡಿದು ಬೇರೊಬ್ಬ ಡಾಕ್ಟರ ಹತ್ತಿರ ಹೋದಾಗ 'ನಿನ್ನ ತಲೇಲಿದೆ' ಅನ್ನಲು ಅವರಿಗೆ ಜಾಗವಿರಲಿಲ್ಲ. ಮಾತ್ರೆ ಬದಲಾಯಿತು.

ಬದಲಾಯಿಸಲು ದಾರಿಗಳಿವೆ, ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಮೊದಲ ಎರಡು ಮೂರು ತಿಂಗಳ ತೊಂದರೆ ಎಷ್ಟೋ ಜನಕ್ಕೆ ತಾನಾಗಿ ತಗ್ಗುತ್ತದೆ. ತಗ್ಗದಿದ್ದರೆ ಪ್ರೊಜೆಸ್ಟೋಜೆನ್ನಿನ ಬಗೆ ಬದಲಿಸಿ ಅಂತ ಕೇಳಬಹುದು. ಮೈಕ್ರೊನೈಸ್ಡ್ ಪ್ರೊಜೆಸ್ಟೆರಾನ್ ಅಂತ ಒಂದಿದೆ. ಮಂಪರು ತರುವುದರಿಂದ ರಾತ್ರಿ ಮಲಗುವಾಗ ನುಂಗುವುದು. ಹಲವರಿಗೆ ಅದು ಹಗುರ. ಗರ್ಭಕೋಶದೊಳಗೇ ಕೂರಿಸುವ ಹಾರ್ಮೋನಿನ ಸಾಧನವೂ ಇದೆ. ಅದರಿಂದ ರಕ್ತಕ್ಕೆ ಇಳಿಯುವುದು ಕಮ್ಮಿ, ಆದರೆ ಪೂರ್ತಿ ಇಲ್ಲವೆಂದಲ್ಲ. ಈಸ್ಟ್ರೋಜೆನ್ನನ್ನು ಚರ್ಮಕ್ಕೆ ಹಚ್ಚುವ ಜೆಲ್ಲಾಗಿ ಕೊಟ್ಟರೆ ಏರಿಳಿತ ಕಮ್ಮಿ. ಪ್ರಮಾಣ ಇಳಿಸಬಹುದು. ಒಂದನ್ನು ಮಾತ್ರ ನಾವಾಗೇ ಮಾಡಕೂಡದು: ಜೋಡಿಯಲ್ಲಿ ಕಾವಲು ಮಾತ್ರೆ ಎಸೆದು ಇನ್ನೊಂದನ್ನು ನುಂಗುವುದು. ಸ್ತನ ಕ್ಯಾನ್ಸರ್ ಆಗಿದ್ದವರು, ರಕ್ತ ಹೆಪ್ಪುಗಟ್ಟಿದ್ದವರು, ಲಿವರ್ ಕೆಟ್ಟವರು, ಕಾರಣ ತಿಳಿಯದೆ ರಕ್ತ ಹೋಗುತ್ತಿರುವವರು ಮೊದಲೇ ಡಾಕ್ಟರಿಗೆ ಹೇಳಬೇಕು. ರಕ್ತಹೀನತೆ, ಥೈರಾಯಿಡ್ ಕೂಡ ಹೀಗೇ ಮನಸ್ಸು ಕೆಡಿಸುತ್ತವೆ, ಪರೀಕ್ಷೆ ಮಾಡಿಸಿ. ಕೂತು ಮಾತಾಡಿಸುವ ಚಿಕಿತ್ಸೆಯಿಂದಲೂ ಉಪಯೋಗವಿದೆ ಅಂತ ಬ್ರಿಟನ್ನಿನ ನೈಸ್ ಸಂಸ್ಥೆ 2015ರ ಮಾರ್ಗಸೂಚಿಯಲ್ಲೇ ಹೇಳಿದೆ. ಬದುಕೇ ಬೇಡ ಅನ್ನಿಸುವಷ್ಟಾದರೆ ಕಾಪಿ ಪುಸ್ತಕ ಬದಿಗಿಟ್ಟು 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್; ಹಗಲು ರಾತ್ರಿ, ಪುಕ್ಕಟೆ, ಕನ್ನಡದಲ್ಲಿ.

ಸಂಗಾತಿಗಳಿಗೆ ಒಂದು ಮಾತು. ನಿಮ್ಮಲ್ಲಿ ಕೆಲವರು ಇದನ್ನು ಸಿಟಿಯ ಸಿರಿವಂತ ಹೆಂಗಸರ ಕಾಯಿಲೆ ಅಂತೀರಿ. ಮಲ ಬಳಿಯುವ ಕೈಗೆ ಮೈಯುರಿ ಬರುವುದಿಲ್ಲವೇ? ಇನ್ನು ಕೆಲವರು ಈ ಲೇಖನ ಓದಿದ ಸಂಜೆಯೇ, ಹೆಂಡತಿ ಎದುರಾಡಿದರೆ 'ಮಾತ್ರೆ ಬದಲಾಯಿಸ್ಕೋ' ಅನ್ನುತ್ತೀರಿ. ನಾವು ಬಲ್ಲೆವು. ಅದಕ್ಕೇ ಕಾಪಿ ಪುಸ್ತಕ ಅವಳ ಕೈಯಲ್ಲಿರಬೇಕು, ನಿಮ್ಮ ಕೈಯಲ್ಲಲ್ಲ. ಮಾತ್ರೆಯ ಹನ್ನೆರಡು ದಿನ ಬಿಟ್ಟು ಉಳಿದ ದಿನವೂ ಇರುವ ಸಿಟ್ಟು, ಮಾತ್ರೆ ಶುರುವಾಗುವ ಇಪ್ಪತ್ತು ವರ್ಷ ಮುಂಚೆಯೂ ಇದ್ದ ಸಿಟ್ಟು ಅವಳದೇ. ಕುಡಿದು ಬರುವ ಗಂಡನ ಮೇಲೆ, ಕೂಲಿ ಮುರಿಯುವ ಮೇಸ್ತ್ರಿಯ ಮೇಲೆ, ತಿಂಗಳುಗಟ್ಟಲೆ ಗೌರವಧನ ತಡೆಯುವ ಇಲಾಖೆಯ ಮೇಲೆ ಇರುವ ಆ ಸಿಟ್ಟಿಗೆ ಚಿಕಿತ್ಸೆ ಬೇಡ, ಜವಾಬು ಬೇಕು.

ಹಳ್ಳಿಯ ಮೇಷ್ಟ್ರೆ, ಟೀಚರಮ್ಮ, ಹಾಸ್ಟೆಲಿನ ತಮ್ಮ ತಂಗಿಯರೆ, ನಿಮ್ಮೂರಿಗೆ ಆರೋಗ್ಯ ಶಿಬಿರ ಬಂದಾಗ ಅವ್ವಂದಿರ ಜೊತೆ ಹೋಗಿ ಮುಂದಿನ ಸಾಲಿನಲ್ಲಿ ಕೂರಿ. ಮಾತ್ರೆ ಬರೆದುಕೊಟ್ಟರೆ ಇದು ಮನಸ್ಸಿಗೆ ಏನು ಮಾಡುತ್ತದೆ, ಎಷ್ಟು ದಿನ ನೋಡಬೇಕು, ಆಗದಿದ್ದರೆ ಬದಲಿಗೆ ಯಾವುದು ಅಂತ ಕೇಳಿ. ಉತ್ತರವನ್ನು ಚೀಟಿಯ ಮೇಲೆ ಬರೆದುಕೊಡಲಿ, ಕನ್ನಡದಲ್ಲಿ, ಬಹುವಚನದಲ್ಲಿ.