ಹಳೇ ಟ್ರ್ಯಾಕ್ಟರ್, ಅದೂ ಎಂಜಿನ್ ಕೆಲಸ ಬಂದಿರೋದು: ತಗೋಬೇಕಾ?

ಎಂಜಿನ್ ಹೋಗಿರೋ ಟ್ರ್ಯಾಕ್ಟರ್ ಕಡೆ ತಿರುಗಿಯೂ ನೋಡಬೇಡ ಅಂತ ನಮ್ಮ ಕಡೆ ಎಲ್ಲರೂ ಹೇಳ್ತಾರೆ. ಬೈಲಹೊಂಗಲದ ಚಹಾ ಅಂಗಡಿಯಲ್ಲಿ ಕೇಳಿ, ಕಿತ್ತೂರು ಬಸ್ ಸ್ಟ್ಯಾಂಡಿನಲ್ಲಿ ಕೇಳಿ, ಸವದತ್ತಿಯಲ್ಲಿ ಕೇಳಿ, ಇದೇ ಉತ್ತರ. ನನ್ನ ಅಭಿಪ್ರಾಯ ಬೇರೆ. ಹೊಸ ಬಣ್ಣ ಬಳಿದು, ಟೈರಿಗೆ ಕರಿ ಪಾಲಿಶ್ ಹೊಡೆದು, "ಎಂಜಿನ್ ಏಕ್ದಂ ಓಕೆ" ಅಂತ ದಲಾಲಿ ನಿಲ್ಲಿಸಿರೋ ಟ್ರ್ಯಾಕ್ಟರ್‌ಗಿಂತ, ಎಂಜಿನ್ ಹೋಗಿದೆ ಅಂತ ಮಾರೋನೇ ಬಾಯಿಬಿಟ್ಟು ಒಪ್ಪಿಕೊಂಡಿರೋ ಟ್ರ್ಯಾಕ್ಟರ್ ಎಷ್ಟೋ ಮೇಲು. ಆದ್ರೆ ಇದಕ್ಕೊಂದು ಷರತ್ತಿದೆ. ಆ ಷರತ್ತಿಗೇ ಈಗ ನಮ್ಮ ಮನೆಯಲ್ಲಿ ಜಗಳ ನಡೀತಾ ಇರೋದು.

ವಿಷಯ ಇಷ್ಟು. ನಮ್ಮ ಕಾಕಾನಿಗೆ ಬೈಲಹೊಂಗಲ ತಾಲ್ಲೂಕಿನಲ್ಲಿ 9 ಎಕರೆ ಎರಿ ಹೊಲ. ಮುಂಗಾರಿಗೆ ಸೋಯಾಬೀನ್, ಹಿಂಗಾರಿಗೆ ಕಡಲೆ, ಜೋಳ, ಒಂದು ಮೂಲೆಯಲ್ಲಿ ಕಬ್ಬು. ರಾಮದುರ್ಗದ ಕಡೆ ಒಂದು ಊರಲ್ಲಿ 45 ಎಚ್‌ಪಿಯ ನಾಲ್ಕು ಸಿಲಿಂಡರ್ ಟ್ರ್ಯಾಕ್ಟರ್ ಮಾರಾಟಕ್ಕಿದೆ. ಹದಿನೈದು ವರ್ಷ ದಾಟಿದೆ. ಕೇಳ್ತಿರೋ ರೇಟು 2,60,000. ಎಂಜಿನ್ ಆಯಿಲ್ ಕುಡಿಯುತ್ತೆ, ನೀಲಿ ಹೊಗೆ ಬರುತ್ತೆ, ಏರಿಗೆ ಎಳೆಯಲ್ಲ. ನಮ್ಮೂರ ಮಿಸ್ತ್ರಿ ಲೆಕ್ಕ ಹಾಕಿ "ಫುಲ್ ಎಂಜಿನ್, ಎಂಬತ್ತು ಸಾವಿರ ಹಿಡಿರಿ" ಅಂದಿದ್ದಾರೆ. ದುಡ್ಡಿನ ಮೂಲ ಏನು ಅಂದ್ರೆ ಚಿಗವ್ವನ ಬಂಗಾರ. ಸೊಸೈಟಿಯಲ್ಲಿ ಅಡ ಇಟ್ಟರೆ ಬರೋದು ಟ್ರ್ಯಾಕ್ಟರ್‌ಗೆ ಸರಿಯಾಗುತ್ತೆ, ಎಂಜಿನ್‌ಗೆ ಸಾಲಲ್ಲ.

ಮೊದಲು ಕ್ಯಾಲ್ಕುಲೇಟರ್ ಮಾತು. ಕಾಕಾ ಹೋದ ವರ್ಷ ಉಳುಮೆ, ರೋಟವೇಟರ್, ಬಿತ್ತನೆ, ಸಾಗಾಟ ಎಲ್ಲಾ ಸೇರಿ ಬಾಡಿಗೆ ಟ್ರ್ಯಾಕ್ಟರ್‌ಗೆ ಕೊಟ್ಟಿದ್ದು ಸುಮಾರು 42,000. ಸ್ವಂತ ಟ್ರ್ಯಾಕ್ಟರ್ ಇದ್ರೂ ಡೀಸೆಲ್, ಆಯಿಲ್, ಇನ್ಶೂರೆನ್ಸ್ ಅಂತ ಅರ್ಧ ಹೋಗೇ ಹೋಗುತ್ತೆ. ಉಳಿಯೋದು ವರ್ಷಕ್ಕೆ 20,000 ಚಿಲ್ಲರೆ. 3,40,000 ಹಾಕಿ ವರ್ಷಕ್ಕೆ 20,000 ಉಳಿಸಿದ್ರೆ 17 ವರ್ಷ. ಕಾಗದದ ಮೇಲೆ ಈ ಪ್ರಾಜೆಕ್ಟ್ ಫೇಲ್. ನಾನು ಇದನ್ನ ಹೇಳಿದಾಗ ಕಾಕಾ ನಕ್ಕು, "ನಿನ್ನ ಲೆಕ್ಕದಾಗ ಮಳಿ ಎಲ್ಲೈತಿ?" ಅಂದ.

ಅದು ಸರಿಯಾದ ಪ್ರಶ್ನೆ. ಬೆಂಗಳೂರಿನ ಗೆಳೆಯರಿಗೆ ಇಲ್ಲಿ ಸ್ವಲ್ಪ ವಿವರಿಸಬೇಕು. ಎರಿ ಮಣ್ಣು ಹಸಿ ಇದ್ದಾಗ ಗಾಲಿಗೆ ಅಂಟಿಕೊಂಡು ಟ್ರ್ಯಾಕ್ಟರನ್ನೇ ನಿಲ್ಲಿಸುತ್ತೆ, ಒಣಗಿದ್ರೆ ಕಲ್ಲಾಗಿ ಬಿರುಕು ಬಿಡುತ್ತೆ. ಇವೆರಡರ ಮಧ್ಯೆ ಕೆಲವೇ ದಿನ 'ಹದ' ಇರುತ್ತೆ. ಆ ದಿನಗಳಲ್ಲಿ ಊರಿಗೆ ಊರೇ ಟ್ರ್ಯಾಕ್ಟರ್ ಹುಡುಕ್ತಿರುತ್ತೆ. ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರಗಳು 2014-15ರಿಂದ ಹೋಬಳಿ ಮಟ್ಟದಲ್ಲಿ ಯಂತ್ರಗಳನ್ನ ಬಾಡಿಗೆಗೆ ಕೊಡ್ತಿವೆ, ಮೂರು ನಾಲ್ಕು ಎಕರೆ ಇರೋರಿಗೆ ಅದೇ ಸರಿ ಅಂತ ನಾನೂ ಹೇಳ್ತೀನಿ. ಆದ್ರೆ ಹದ ಬಂದ ದಿನ ಅಲ್ಲೂ ಪಾಳಿ. ಹೋದ ಮುಂಗಾರಿನಲ್ಲಿ ಕಾಕಾ ಬಾಡಿಗೆ ಟ್ರ್ಯಾಕ್ಟರ್‌ಗೆ ಒಂಬತ್ತು ದಿನ ಕಾದ. ಪಕ್ಕದ ಹೊಲದಲ್ಲಿ ಸೋಯಾ ಎರಡೆಲೆ ಬಿಟ್ಟಾಗ ನಮ್ಮ ಹೊಲದಲ್ಲಿ ಇನ್ನೂ ರಂಟೆ ಹೊಡೀತಿದ್ವಿ. ಹಾಗಾಗಿ ಕಾಕಾ ಕೊಳ್ತಿರೋದು ಟ್ರ್ಯಾಕ್ಟರನ್ನ ಅಲ್ಲ, ವರ್ಷದಲ್ಲಿ ಆ ಹತ್ತು ಹದಿನೈದು ದಿನಗಳನ್ನ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ನನ್ನ ವಾದ ಇದರ ಮೇಲೇ ನಿಂತಿದೆ.

ಈಗ ಎಂಜಿನ್. ಜನ ಹೆದರೋದು ಇದಕ್ಕೇ, ಆದ್ರೆ ಇಡೀ ಟ್ರ್ಯಾಕ್ಟರ್‌ನಲ್ಲಿ ಖರ್ಚು ಮೊದಲೇ ಗೊತ್ತಾಗೋ ಭಾಗ ಇದೊಂದೇ. ಫುಲ್ ಎಂಜಿನ್ ಅಂದ್ರೆ ಲೈನರ್, ಪಿಸ್ಟನ್, ರಿಂಗ್ ಸೆಟ್, ಬೇರಿಂಗ್, ವಾಲ್ವ್ ಕೆಲಸ, ಹೆಡ್ ಫೇಸಿಂಗ್, ನಾಝಲ್, ಪಂಪ್ ಸರ್ವಿಸ್, ಕ್ರ್ಯಾಂಕ್ ಗ್ರೈಂಡಿಂಗ್. ಹಳೇ ಮಾಡೆಲ್‌ನ ಸಾಮಾನೆಲ್ಲಾ ಬೆಳಗಾವಿ, ಹುಬ್ಬಳ್ಳಿ ಅಂಗಡಿಗಳಲ್ಲಿ ಸಿಗುತ್ತೆ, ಲೇತ್ ಕೆಲಸಕ್ಕೂ ದೂರ ಹೋಗಬೇಕಿಲ್ಲ. ಅನಿಶ್ಚಿತ ಅಂದ್ರೆ ಕ್ರ್ಯಾಂಕ್ ಶಾಫ್ಟ್ ಒಂದು. ಸವೆದ ಜರ್ನಲ್ಲನ್ನ ಪ್ರತಿ ಸಲ 0.25 ಮಿ.ಮೀ. ಇಳಿಸಿ ಗ್ರೈಂಡ್ ಮಾಡಿ, ಅದಕ್ಕೆ ಸರಿಯಾದ ದಪ್ಪ ಬೇರಿಂಗ್ ಹಾಕ್ತಾರೆ. ಈಗಾಗ್ಲೇ ಕೊನೇ ಸೈಜಿಗೆ ಬಂದಿದ್ರೆ ಇನ್ನು ಗ್ರೈಂಡ್ ಮಾಡಕ್ಕೆ ಏನೂ ಉಳಿದಿಲ್ಲ, ಹೊಸ ಕ್ರ್ಯಾಂಕೇ ಬೇಕು. ಅದಕ್ಕೇ ಮಾರೋನಿಗೆ ಕೇಳಬೇಕಾದ ಮೊದಲ ಪ್ರಶ್ನೆ "ಎಷ್ಟು ತಾಸು ಓಡೈತಿ" ಅಲ್ಲ. ತಾಸಿನ ಮೀಟರ್ ನಿಂತು ಯಾವ ಕಾಲವಾಯ್ತೋ. "ಹಿಂದ ಎಂಜಿನ್ ಬಿಚ್ಚೀರೇನ್ರಿ, ಕ್ರ್ಯಾಂಕ್ ಯಾವ ಸೈಜ್ ಐತಿ?" ಅಂತ ಕೇಳಬೇಕು.

ಹಳೇ ಎಂಜಿನ್‌ಗೆ ಇನ್ನೊಂದು ಅನುಕೂಲ ಇದೆ. 2023ರ ಜನವರಿಯಿಂದ 50 ಎಚ್‌ಪಿಗಿಂತ ಹೆಚ್ಚಿನ ಹೊಸ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್-4 ಹೊಗೆ ನಿಯಮ ಬಂತು, ಅದರ ಜೊತೆ ಕಾಮನ್ ರೈಲ್, ಸೆನ್ಸರ್, ಇಸಿಯು ಬಂದವು. ನಮಗೆ ಲ್ಯಾಬಿನಲ್ಲಿ ಇದು ಖುಷಿ ವಿಷಯ. ಆದ್ರೆ ಹದದ ದಿನ ಸೆನ್ಸರ್ ಕೈಕೊಟ್ರೆ ಹೊಲದಲ್ಲಿ ನಿಂತು ಲ್ಯಾಪ್‌ಟಾಪ್ ಬರೋವರೆಗೆ ಕಾಯಬೇಕು. ಮೆಕ್ಯಾನಿಕಲ್ ಪಂಪಿನ ಎಂಜಿನ್ನನ್ನ ನಮ್ಮ ಮಿಸ್ತ್ರಿ ಸೈಕಲ್ ಮೇಲೆ ಬಂದು ಬಿಚ್ಚಿ ಜೋಡಿಸ್ತಾರೆ.

ಹಾಗಂತ ಎಲ್ಲಾ ಹಳೇ ಟ್ರ್ಯಾಕ್ಟರೂ ಒಂದೇ ಅಲ್ಲ. ಎಚ್‌ಎಂಟಿ ಅಂದ್ರೆ ನಮಗೆಲ್ಲಾ ಅಜ್ಜನ ವಾಚ್ ನೆನಪಾಗುತ್ತೆ, ಬೆಂಗಳೂರಲ್ಲಿ 1953ರಲ್ಲಿ ಶುರುವಾದ ಕಂಪನಿ. ಅದೇ ಎಚ್‌ಎಂಟಿ 1971ರಿಂದ ಹರಿಯಾಣದ ಪಿಂಜೋರ್‌ನಲ್ಲಿ ಟ್ರ್ಯಾಕ್ಟರ್ ಮಾಡ್ತಿತ್ತು, ಝೆಕೊಸ್ಲೊವಾಕಿಯಾದ ತಂತ್ರಜ್ಞಾನದಲ್ಲಿ. ಗಟ್ಟಿ ಮಷೀನ್ ಅಂತ ಈಗಲೂ ಹಿರಿಯರು ಹೊಗಳ್ತಾರೆ. 2016ರಲ್ಲಿ ಕೇಂದ್ರ ಸರ್ಕಾರ ಆ ವಿಭಾಗವನ್ನ ಮುಚ್ಚೋ ತೀರ್ಮಾನ ಮಾಡ್ತು. ಅಗ್ಗಕ್ಕೆ ಸಿಗುತ್ತೆ ಅಂತ ಅದನ್ನ ತಂದ್ರೆ ಮುಂದೆ ಬಿಡಿಭಾಗಕ್ಕೆ ಅಲೆಯೋದು ಯಾರು? ಮಾಡೆಲ್ ಮೇಲಿನ ಪ್ರೀತಿ ಬೇರೆ, ಹೊಲದ ಕೆಲಸ ಬೇರೆ.

ಇನ್ನು ಎಂಜಿನ್ ಬಿಟ್ಟು ಉಳಿದ ಭಾಗ. ನನ್ನ ಪ್ರಕಾರ ಹಳೇ ಟ್ರ್ಯಾಕ್ಟರ್ ಖರೀದಿ ಅಂದ್ರೆ ಇದರ ಖರೀದಿ. ಕಾರು, ಲಾರಿಗೆ ಇರೋ ಥರ ಬೇರೆ ಚಾಸಿ ಇಂಥ ಟ್ರ್ಯಾಕ್ಟರ್‌ಗೆ ಇರಲ್ಲ. ಎಂಜಿನ್ ಬ್ಲಾಕ್, ಕ್ಲಚ್ ಹೌಸಿಂಗ್, ಗೇರ್ ಬಾಕ್ಸ್, ಹಿಂದಿನ ಆಕ್ಸಲ್ ಹೌಸಿಂಗ್ ಒಂದಕ್ಕೊಂದು ಬೋಲ್ಟ್ ಆಗಿ ಅವೇ ಬೆನ್ನುಮೂಳೆ ಆಗಿರ್ತವೆ. 1917ರ ಫೋರ್ಡ್‌ಸನ್ ಟ್ರ್ಯಾಕ್ಟರ್ ಜನಪ್ರಿಯ ಮಾಡಿದ ವಿನ್ಯಾಸ ಇದು. ಕ್ಲಚ್ ಪ್ಲೇಟ್ ಬದಲಿಸಬೇಕು ಅಂದ್ರೂ ಟ್ರ್ಯಾಕ್ಟರನ್ನ ಮಧ್ಯಕ್ಕೆ ಎರಡು ಹೋಳು ಮಾಡಬೇಕು. ಗೇರ್, ಡಿಫರೆನ್ಷಿಯಲ್, ಹೈಡ್ರಾಲಿಕ್ ಲಿಫ್ಟ್ ಮೂರಕ್ಕೂ ಬಹಳ ಟ್ರ್ಯಾಕ್ಟರ್‌ಗಳಲ್ಲಿ ಒಂದೇ ಆಯಿಲ್. ಅಂದ್ರೆ ಒಂದು ಕಡೆ ಗೇರ್ ಹಲ್ಲು ಮುರಿದು ಪುಡಿಯಾದ್ರೆ ಆ ಪುಡಿ ಹೈಡ್ರಾಲಿಕ್ ಪಂಪಿಗೂ ಹೋಗಬಹುದು. ಇದರ ಖರ್ಚನ್ನ ಬಿಚ್ಚೋವರೆಗೆ ಯಾರೂ ಹೇಳಕ್ಕಾಗಲ್ಲ. ಮಿಸ್ತ್ರಿ ನನಗೆ ಹೇಳಿದ್ದು ಹೀಗೆ: "ತಮ್ಮಾ, ಎಂಜಿನ್ ನನ್ನ ಕೈಯಾಗ ಐತಿ. ಹಿಂದಿನ ಪೆಟ್ಟಿಗಿ ದೇವರ ಕೈಯಾಗ ಐತಿ."

ರಾಮದುರ್ಗ ಅಂದ ಕೂಡ್ಲೇ ನನಗೆ ಬಂದ ಸಂಶಯ ಇನ್ನೊಂದು. 2019ರ ಆಗಸ್ಟ್‌ನಲ್ಲಿ ಸವದತ್ತಿ ಹತ್ತಿರದ ನವಿಲುತೀರ್ಥದ ಜಲಾಶಯದಿಂದ ನೀರು ಬಿಟ್ಟಾಗ ಮಲಪ್ರಭಾ ಮುನವಳ್ಳಿ, ರಾಮದುರ್ಗಕ್ಕೆ ನುಗ್ಗಿದ್ದು ನಮ್ಮ ಕಡೆಯವರು ಯಾರೂ ಮರೆತಿಲ್ಲ. ನದಿ ದಂಡೆ ಊರುಗಳಲ್ಲಿ ಜನ ದನಕರು ಬಿಚ್ಚಿಕೊಂಡು ಓಡಿದ್ರು, ಟ್ರ್ಯಾಕ್ಟರ್ ತರೋಕೆ ಯಾರಿಗೆ ಪುರುಸೊತ್ತು? ನೀರಲ್ಲಿ ನಿಂತ ಟ್ರ್ಯಾಕ್ಟರನ್ನ ತೊಳೆದು ಆಯಿಲ್ ಬದಲಿಸಿದ್ರೆ ಓಡುತ್ತೆ. ಆದ್ರೆ ಬ್ರೀದರ್ ಮೂಲಕ ಒಳಗೆ ಹೋದ ಕೆಸರು ನೀರು ಬೇರಿಂಗ್, ಬ್ರೇಕ್, ಲಿಫ್ಟ್ ಸಿಲಿಂಡರ್ ಎಲ್ಲಾ ಕಡೆ ತುಕ್ಕು ಬಿತ್ತಿರುತ್ತೆ, ಅದು ವರ್ಷಗಳ ಮೇಲೆ ಫಲ ಕೊಡುತ್ತೆ. ಹಾಗಾಗಿ "ಹತ್ತೊಂಬತ್ತರ ಹೊಳಿ ಬಂದಾಗ ಗಾಡಿ ಎಲ್ಲಿತ್ರಿ?" ಅಂತ ನೇರವಾಗಿ ಕೇಳಬೇಕು. ಮಾರೋನನ್ನ ಒಬ್ಬನೇ ಕೇಳಿದ್ರೆ ಸಾಲದು, ಆ ಓಣಿಯ ಇನ್ನಿಬ್ಬರನ್ನ ಕೇಳಬೇಕು. ಮುಳುಗಿದ್ದವರು ಅದನ್ನ ಮುಚ್ಚಿಟ್ರೆ ನಾನು ಅವರನ್ನ ಕಳ್ಳರು ಅನ್ನಲ್ಲ, ಅವರೂ ಕಳ್ಕೊಂಡೋರೇ. ಆದ್ರೆ ಅವರ ನಷ್ಟ ಚಿಗವ್ವನ ಬಂಗಾರದಿಂದ ತುಂಬೋದು ಬೇಡ.

ನೋಡೋ ವಿಧಾನದ ಬಗ್ಗೆ ಒಂದೆರಡು ಮಾತು. ಇದು ಹಾಸ್ಟೆಲ್‌ನಲ್ಲಿ ಕೂತು ಹಳೇ ಬೈಕ್ ಹುಡುಕೋರಿಗೂ ಉಪಯೋಗ. ನೀವು ಹೋಗೋ ಮುಂಚೆನೇ ಎಂಜಿನ್ ಬಿಸಿ ಮಾಡಿ ಇಟ್ಟಿರ್ತಾರೆ, ಬಿಸಿ ಎಂಜಿನ್ ಅರ್ಧ ರೋಗ ಮುಚ್ಚಿಡುತ್ತೆ. ಮೊದಲು ಬ್ಲಾಕ್ ಮೇಲೆ ಕೈ ಇಡಿ, ತಣ್ಣಗಿದ್ರೆ ಮಾತ್ರ ಸ್ಟಾರ್ಟ್ ಮಾಡಿಸಿ. ಓಡ್ತಿರುವಾಗ ಆಯಿಲ್ ಹಾಕೋ ಮುಚ್ಚಳ ತೆಗೆದು ನೋಡಿ. ಅಲ್ಲಿಂದ ಹೊಗೆ ಬುಸುಬುಸು ಅಂತ ಬಂದ್ರೆ ರಿಂಗ್, ಲೈನರ್ ಹೋಗಿವೆ. ಕ್ಲಾಸಿನಲ್ಲಿ ಬ್ಲೋ-ಬೈ ಅಂತ ಎರಡು ಮಾರ್ಕಿಗೆ ಬರೀತೀವಲ್ಲ, ಅದೇ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೀಬೇಡಿ, ಅದನ್ನ ತಣ್ಣಗಿದ್ದಾಗಲೇ ತೆಗೆದು, ಸ್ಟಾರ್ಟ್ ಆದ ಮೇಲೆ ಗುಳ್ಳೆ ಏಳ್ತಾವಾ ನೋಡ್ಕೊಳ್ಳಿ. ಎದ್ರೆ ಹೆಡ್ ಕಡೆ ಸಂಶಯ. ಆಮೇಲೆ ನೇಗಿಲು ಲಿಫ್ಟಿಗೆ ಹಾಕಿ ಎತ್ತಿಸಿ, ಎಂಜಿನ್ ಬಂದ್ ಮಾಡಿ ಹತ್ತು ನಿಮಿಷ ಬಿಡಿ. ನೇಗಿಲು ತಾನಾಗೇ ಸರಸರ ಕೆಳಗಿಳಿದ್ರೆ ಹೈಡ್ರಾಲಿಕ್ ಸೋರ್ತಿದೆ. ಎತ್ತಿದ ನೇಗಿಲಿನ ಕೆಳಗೆ ಮಾತ್ರ ಯಾರೂ ನಿಲ್ಲಬಾರದು.

ಕಾಗದಪತ್ರ ಬೇಗ ಮುಗಿಸ್ತೀನಿ. ಹದಿನೈದು ವರ್ಷ ಆದ್ರೆ ಟ್ರ್ಯಾಕ್ಟರ್ ಗುಜರಿಗೆ ಹಾಕಲೇಬೇಕು ಅನ್ನೋದು ಸುಳ್ಳು ಸುದ್ದಿ. ಕೃಷಿ ಟ್ರ್ಯಾಕ್ಟರ್ ನೋಂದಣಿ ಮೊದಲು 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ ಆಗುತ್ತೆ. ಆದ್ರೆ ನವೀಕರಣ ಮಾಡಿಸಿಕೊಡೋದು ಮಾರೋನ ಕೆಲಸ, ನಮ್ಮದಲ್ಲ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇದ್ರೆ ಎನ್‌ಒಸಿ ಮತ್ತು ಫಾರ್ಮ್ 35 ಕೈಗೆ ಬರದೇ ಒಂದು ರೂಪಾಯಿ ಕೊಡಬಾರದು. ಫಾರ್ಮ್ 29, 30ಕ್ಕೆ ಸಹಿ ಹಾಕಿಸಿ ಕೆಎ-24 ಆಫೀಸಿಗೆ ಒಯ್ಯೋದು ಆಮೇಲೆ. ಟ್ರೇಲರ್ ಜೊತೆ ಕೊಡ್ತೀನಿ ಅಂದ್ರೆ ಅದಕ್ಕೂ ಬೇರೆ ನೋಂದಣಿ ಇರುತ್ತೆ, ಅದನ್ನೂ ಕೇಳಬೇಕು.

ಈಗ ಜಗಳದ ವಿಷಯ. ಕಾಕಾನ ಪ್ಲಾನ್ ಇದು: "ಈ ಹಂಗಾಮು ಹಂಗ ಹೊಡದ ಬಿಡೂಣು. ಕಬ್ಬಿನ ರೊಕ್ಕ ಬಂದ ಮ್ಯಾಲ ಎಂಜಿನ್ ಬಿಚ್ಚಸೂಣು." ಅಂದ್ರೆ ಆಯಿಲ್ ಕುಡಿಯೋ ಎಂಜಿನ್‌ನಲ್ಲೇ ಮುಂಗಾರು ಮುಗಿಸಿ, ಚಳಿಗಾಲದಲ್ಲಿ ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಫ್ಯಾಕ್ಟರಿಗೆ ಬಾಡಿಗೆ ಹೊಡೆದು, ಆ ದುಡ್ಡಿನಲ್ಲಿ ರಿಪೇರಿ. ನಾನು ಇದಕ್ಕೆ ಸಂಪೂರ್ಣ ವಿರೋಧ. ಎಂಬತ್ತು ಸಾವಿರದ ಅಂದಾಜು ಇವತ್ತಿನ ಎಂಜಿನ್‌ಗೆ. ಸವೆದ ಬೇರಿಂಗ್ ಮೇಲೆ ಎಂ.ಕೆ. ಹುಬ್ಬಳ್ಳಿ ರಸ್ತೆಯಲ್ಲಿ ಕಬ್ಬು ಎಳೆದ ಎಂಜಿನ್‌ಗೆ ಆ ಅಂದಾಜು ಅನ್ವಯ ಆಗಲ್ಲ. ಆಯಿಲ್ ಪ್ರೆಶರ್ ಬಿದ್ದು ಕನೆಕ್ಟಿಂಗ್ ರಾಡ್ ತುಂಡಾಗಿ ಬ್ಲಾಕ್ ಒಡೆದ್ರೆ, ನೆನಪಿದೆಯಲ್ಲ, ಬ್ಲಾಕ್ ಅಂದ್ರೆ ಬೆನ್ನುಮೂಳೆ. ಎಂಜಿನ್ ನಂಬರ್ ಇರೋದೂ ಅದರ ಮೇಲೆಯೇ, ಬದಲಿಸಿದ್ರೆ ಆರ್‌ಟಿಓದಲ್ಲಿ ದಾಖಲೆನೂ ಬದಲಿಸಬೇಕು. ಅದೆಲ್ಲಕ್ಕಿಂತ ದೊಡ್ಡದು, ನಾವು ಕೊಳ್ತಿರೋದು ಹದದ ದಿನಗಳನ್ನ. ಎಂಜಿನ್ ಜಾಸ್ತಿ ಕೆಲಸ ಮಾಡೋದು ಆ ದಿನಗಳಲ್ಲೇ, ಕೈಕೊಡೋದೂ ಆ ದಿನಗಳಲ್ಲೇ. ಆಗ ಕಾಕಾ ಮತ್ತೆ ಬಾಡಿಗೆ ಟ್ರ್ಯಾಕ್ಟರ್‌ಗೆ ಕಾಯ್ತಾನೆ, ಮನೆ ಮುಂದೆ ಸ್ವಂತ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು.

ಹಾಗಾಗಿ ನನ್ನ ಷರತ್ತು: ಟ್ರ್ಯಾಕ್ಟರ್ ದುಡ್ಡು, ಎಂಜಿನ್ ದುಡ್ಡು ಎರಡೂ ಒಂದೇ ದಿನ ಕೈಯಲ್ಲಿರಬೇಕು. ತಂದ ಗಾಡಿ ಮನೆಗೆ ಬರದೇ ನೇರ ಮಿಸ್ತ್ರಿ ಶೆಡ್ಡಿಗೆ ಹೋಗಬೇಕು, ರೋಹಿಣಿ ಮಳೆಗೆ ಮುಂಚೆ ಹೊರಗೆ ಬರಬೇಕು. ಬಂಗಾರದಿಂದ ಬರೋದು 2,60,000 ಅಷ್ಟೇ ಆದ್ರೆ, ನಮ್ಮ ರೇಟು 1,80,000. ಅದಕ್ಕೆ ಮಾರೋನು ಬರದಿದ್ರೆ ಈ ವರ್ಷ ಬೇಡ.

"ಎಂಬತ್ತು ಸಾವಿರ ಒಮ್ಮೆಲೇ ಯಾರ ಬಿಡ್ತಾರೋ?" ಅಂತಾನೆ ಕಾಕಾ. ಬಿಡಬಹುದು. ಎಂಜಿನ್ ಹೋಗಿದೆ ಅಂತ ಒಪ್ಪಿಕೊಂಡ ಟ್ರ್ಯಾಕ್ಟರ್‌ಗೆ ಗಿರಾಕಿ ಕಡಿಮೆ, ಲೇಖನದ ಮೊದಲಲ್ಲಿ ಹೇಳಿದ ಆ ಎಲ್ಲರೂ ತಿರುಗಿಯೂ ನೋಡಲ್ವಲ್ಲ. ಚಿಗವ್ವ ಇಲ್ಲಿವರೆಗೆ ಏನೂ ಹೇಳಿಲ್ಲ, ಬಂಗಾರ ಡಬ್ಬಿಯಿಂದ ತೆಗೆದಿಟ್ಟಿದ್ದಾಳೆ. ಭಾನುವಾರ ಬೆಳಿಗ್ಗೆ ಆರಕ್ಕೆ, ಮುಂಚೆ ಫೋನ್ ಮಾಡದೇ, ನಾನು, ಕಾಕಾ, ಮಿಸ್ತ್ರಿ ಮೂವರೂ ರಾಮದುರ್ಗಕ್ಕೆ ಹೋಗ್ತಿದ್ದೀವಿ. ಹಿಂದಿನ ಪೆಟ್ಟಿಗೆಯ ಡ್ರೇನ್ ಬೋಲ್ಟ್ ಸ್ವಲ್ಪ ಸಡಿಲ ಮಾಡಿ ಆಯಿಲ್ ಹಿಡಿದು ನೋಡಬೇಕು, ಹಾಲಿನ ಬಣ್ಣ ಇದ್ರೆ ರೇಟಿನ ಮಾತೇ ಬೇಡ. ಅದಕ್ಕೆ ಒಂದು ಖಾಲಿ ಬಾಟ್ಲಿ ತಗೊಂಡು ಬಾ ಅಂತ ಮಿಸ್ತ್ರಿ ನನಗೆ ಹೇಳಿದ್ದಾರೆ.