‘ಸೇವಾ ಲೋಪ’ವಂತೆ!

ಗೋಣಿಕೊಪ್ಪಲಿನ ಚಾ ಅಂಗಡಿಯಲ್ಲಿ ಈ ಲೇಖನದ ಮಾತೆತ್ತಿದಾಗ ಗೆಳೆಯನೊಬ್ಬ ನಕ್ಕುಬಿಟ್ಟ. ‘ಲೈನ್‌ಮನೇಲಿ ಹುಟ್ಟಿದವನು ನೀನು. ವಿಮಾನದ ವಿಚಾರ ನಿಂಗ್ಯಾಕೋ? ಕೊಡಗಿಗೆ ಇನ್ನೂ ರೈಲೇ ಬಂದಿಲ್ಲ.’

ನಗಲಿ. ಈ ನಗು ನಮಗೆ ಹೊಸದಲ್ಲ. ಹೋಟೆಲಿನೊಳಗೆ ಕೂತು ಕಾಫಿ ಕುಡಿಯುವ ಹಕ್ಕು ಕೇಳಿದಾಗಲೂ ‘ಹೊಟ್ಟೆಗೆ ಹಿಟ್ಟಿಲ್ಲ, ಇವರಿಗೆ ಹೋಟೆಲು ಬೇರೆ’ ಅಂದವರಿದ್ದರು. ಯಾರಿಗೆ ಯಾವ ಬಾಗಿಲು ಬೇಕು ಅಂತ ತೀರ್ಮಾನ ಮಾಡುವವರು ಯಾವಾಗಲೂ ಬಾಗಿಲೊಳಗೆ ಕೂತವರೇ.

ವಿಮಾನ ನಮ್ಮದಲ್ಲ ಅನ್ನೋದೂ ಸುಳ್ಳು. 2018ರ ಡಿಸೆಂಬರ್ 9ರಂದು ಕಣ್ಣೂರಿನ ವಿಮಾನ ನಿಲ್ದಾಣ ಶುರುವಾಯಿತು. ವಿರಾಜಪೇಟೆ ದಾಟಿ ಮಾಕುಟ್ಟದ ಘಾಟಿ ಇಳಿದರೆ ಮಟ್ಟನ್ನೂರು. ನಮ್ಮ ತೋಟಗಳಲ್ಲಿ ಕರಿಮೆಣಸು ಕೊಯ್ದ ಕೈಗಳು ಗಲ್ಫಿನಲ್ಲಿ ಇಟ್ಟಿಗೆ ಹೊರಲು ಹಾರುತ್ತವೆ. 2017ರ ಏಪ್ರಿಲಿನಲ್ಲಿ ಉಡಾನ್ ಯೋಜನೆಯ ಮೊದಲ ವಿಮಾನ ಬಿಡುವಾಗ ಪ್ರಧಾನಿಗಳು ಹೇಳಿದ್ದು, ಹವಾಯಿ ಚಪ್ಪಲಿ ಹಾಕಿದವನೂ ವಿಮಾನ ಹತ್ತಬೇಕು ಅಂತ. ಸಂತೋಷ ಸ್ವಾಮಿ. ಚಪ್ಪಲಿ ಹಾಕಿ ನಡೆಯೋಕೆ ಕಾಲೇ ಏಳದವನ ಗತಿ?

ನಮ್ಮ ದೊಡ್ಡಪ್ಪನ ಮಗನ ಕತೆ ಹೇಳುತ್ತೇನೆ. ಗಲ್ಫಿನಲ್ಲಿ ಕಟ್ಟಡದ ಸಾರುವೆಯಿಂದ ಬಿದ್ದು ಬೆನ್ನುಮೂಳೆ ಹೋಯಿತು. ಸೊಂಟದಿಂದ ಕೆಳಗೆ ಅಲ್ಲಾಡುವುದಿಲ್ಲ. ವಾಪಸು ಬರುವಾಗ ಇಳಿದದ್ದು ದೂರದ ಬೇರೊಂದು ನಿಲ್ದಾಣದಲ್ಲಿ. ಮೂತ್ರದ ಭಯಕ್ಕೆ ದಾರಿಯುದ್ದಕ್ಕೂ ಒಂದು ಗುಟುಕು ನೀರು ಕುಡಿದಿರಲಿಲ್ಲ. ಎಲ್ಲರೂ ಇಳಿದ ಮೇಲೆ ಒಂದು ಗಂಟೆ ಒಬ್ಬನೇ ಕೂತ. ಸೀಟುಗಳ ನಡುವೆ ತರುವ ಸಣ್ಣ ಗಾಲಿಕುರ್ಚಿ ಬರಲೇ ಇಲ್ಲ. ಇಬ್ಬರು ಲೋಡರ್ ಹುಡುಗರು ಬಂದು ಕಂಕುಳಿಗೆ ಕೈಹಾಕಿ ಎತ್ತಿದರು. ಮೆಟ್ಟಿಲ ಕೆಳಗೆ ನಿಂತಿದ್ದ ಕಂಪನಿಯ ಸಾಹೇಬ ಹಿಂದಿಯಲ್ಲಿ ಅಂದನಂತೆ, ‘ಇಂಥವನ್ನೆಲ್ಲ ಒಬ್ಬೊಬ್ಬರನ್ನೇ ಯಾಕೆ ಕಳಿಸ್ತಾರೋ.’ ಸುತ್ತ ಇದ್ದವರು ನಕ್ಕರು. ಅಣ್ಣನಿಗೆ ಹಿಂದಿ ಅರ್ಥವಾಗುತ್ತದೆ ಅಂತ ಅವನಿಗೆ ಹೊಳೆದೇ ಇರಲಿಲ್ಲ. ನಮ್ಮೂರಲ್ಲಿ ಕಾಫಿ ಮೂಟೆಯನ್ನು ಲಾರಿಗೆ ಏರಿಸುವಾಗಲಾದರೂ ತೂಕ ಹಾಕಿ ಚೀಟಿ ಕೊಡುತ್ತಾರೆ.

ನಮ್ಮ ಮನೆಯಲ್ಲಿ ಡಿಗ್ರಿ ಓದಿದವನು ನಾನೊಬ್ಬನೇ. ಅರ್ಜಿ ಬರೆಯುವುದು ನನ್ನ ಕೆಲಸ. ರೇಷನ್ ಕಾರ್ಡಿನಿಂದ ಹಿಡಿದು ಸಾವಿನ ಸರ್ಟಿಫಿಕೇಟಿನವರೆಗೆ ಬರೆದಿದ್ದೇನೆ. ಇದನ್ನೂ ಇಂಗ್ಲಿಷಿನಲ್ಲಿ ಬರೆದು ಕಂಪನಿಗೆ ಕಳಿಸಿದೆ. ಹನ್ನೊಂದನೇ ದಿನ ಉತ್ತರ ಬಂತು. ಸೇವಾ ಲೋಪಕ್ಕೆ ವಿಷಾದವಂತೆ. ಮುಂದಿನ ಪ್ರಯಾಣಕ್ಕೆ ಸ್ವಾಗತವಂತೆ. ದೂರು ಮುಕ್ತಾಯವಾಗಿದೆಯಂತೆ! ಯಾರು ಮುಗಿಸಿದರು? ಯಾರ ಮೇಲೆ ದೂರು ಕೊಟ್ಟೆವೋ ಅವರೇ.

ಕಂಪನಿ ಅಂದಮೇಲೆ ಹಾಗೇ ಅನ್ನಬಹುದು. ಸರ್ಕಾರ ಏನು ಮಾಡುತ್ತಿದೆ? ನಿಯಮಕ್ಕೆ ಬರವಿಲ್ಲ. ಸರ್ಕಾರಿ ವಿಮಾನದಲ್ಲಿ ಇಂಥದೇ ಸಣ್ಣ ಗಾಲಿಕುರ್ಚಿಗಾಗಿ ಜಾವೇದ್ ಅಬಿದಿ ಸುಪ್ರೀಂ ಕೋರ್ಟಿಗೆ ಹೋಗಿ ತೀರ್ಪು ತಂದದ್ದು 1998ರಲ್ಲಿ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2008ರಲ್ಲಿ ನಿಯಮ ಮಾಡಿತು, 2014ರಲ್ಲಿ ತಿದ್ದಿತು, 2022ರಲ್ಲಿ ಮತ್ತೆ ತಿದ್ದಿತು. ಆದರೆ ಒಬ್ಬ ಪ್ರಯಾಣಿಕನ ದೂರು ಮೊದಲು ಹೋಗಬೇಕಾದದ್ದು ಆ ಕಂಪನಿಯ ಅಧಿಕಾರಿಗೇ. ಅದರ ಮೇಲಿನ ಮೇಲ್ಮನವಿಯೂ ಅದೇ ಕಂಪನಿಯ ಇನ್ನೊಬ್ಬ ಅಧಿಕಾರಿಗೆ. 2016ರಲ್ಲಿ ಬಂದ ಏರ್‌ಸೇವಾ ಕೂಡ ದೂರನ್ನು ಅದೇ ಬಾಗಿಲಿಗೆ ತಲುಪಿಸುವ ಅಂಚೆಯಣ್ಣ. ಡಿಜಿಸಿಎ ತಿಂಗಳು ತಿಂಗಳು ದೂರುಗಳ ಲೆಕ್ಕ ಪ್ರಕಟಿಸುತ್ತದೆ, ನಿಜ. ಆ ಲೆಕ್ಕ ಕೊಡುವವರೂ ಕಂಪನಿಗಳೇ. ಕೂಲಿ ಕೊಡದ ಧಣಿಯ ಹತ್ತಿರವೇ ಕೂಲಿ ಬಾಕಿಯ ಪುಸ್ತಕ ಇದ್ದ ಹಾಗೆ.

ಹಾಗಾದರೆ ಶಿಕ್ಷೆಯೇ ಆಗಿಲ್ಲವಾ? ಆಗಿದೆ. ಯಾವಾಗ ಅಂತ ನೋಡಿ. 2022ರ ಮೇ 7ರಂದು ರಾಂಚಿಯಲ್ಲಿ ಇಂಡಿಗೊ ವಿಮಾನಕ್ಕೆ ಅಂಗವಿಕಲ ಮಗುವೊಂದನ್ನು ಹತ್ತಿಸಲಿಲ್ಲ. ಅಲ್ಲಿದ್ದ ಇನ್ನೊಬ್ಬ ಪ್ರಯಾಣಿಕರು ಕಂಡದ್ದನ್ನು ಬರೆದರು, ದೇಶವೆಲ್ಲ ಓದಿತು, ಮಂತ್ರಿ ತಾನೇ ವಿಚಾರಿಸುತ್ತೇನೆ ಅಂದರು, ಮೂರು ವಾರದಲ್ಲಿ ಐದು ಲಕ್ಷ ದಂಡ. 2024ರ ಫೆಬ್ರವರಿ 12ರಂದು ಮುಂಬೈ ನಿಲ್ದಾಣದಲ್ಲಿ ಗಾಲಿಕುರ್ಚಿ ಸಾಲದೆ ಹೆಂಡತಿಯ ಕುರ್ಚಿಯ ಜೊತೆ ನಡೆದುಹೊರಟ 80 ವರ್ಷದ ಮುದುಕರು ಕುಸಿದು ಸತ್ತರು. ಏರ್ ಇಂಡಿಯಾಕ್ಕೆ 30 ಲಕ್ಷ ದಂಡ. ದೇಶ ನೋಡಬೇಕು, ಇಲ್ಲವೇ ಹೆಣ ಬೀಳಬೇಕು. ಆ ದಂಡವೂ ಹೋಗುವುದು ಸರ್ಕಾರದ ಖಜಾನೆಗೆ. ನೊಂದವರಿಗೆ ಬೇಕಾದರೆ ಕೋರ್ಟಿದೆ. ಜೀಜಾ ಘೋಷ್ ಎಂಬ ಹೋರಾಟಗಾರ್ತಿಯನ್ನು 2012ರ ಫೆಬ್ರವರಿ 19ರಂದು ಕೊಲ್ಕತ್ತಾದಲ್ಲಿ ಸ್ಪೈಸ್‌ಜೆಟ್ ವಿಮಾನದ ಸೀಟಿನಿಂದ ಎಬ್ಬಿಸಿ ಇಳಿಸಿದರು. ಅವರು ಹೊರಟಿದ್ದೇ ಗೋವಾದಲ್ಲಿ ಅಂಗವಿಕಲರ ಬಗ್ಗೆ ನಡೆಯುವ ಸಮ್ಮೇಳನಕ್ಕೆ! ಸುಪ್ರೀಂ ಕೋರ್ಟ್ ಹತ್ತು ಲಕ್ಷ ಪರಿಹಾರ ಕೊಡಿಸಿದ್ದು 2016ರ ಮೇನಲ್ಲಿ, ನಾಲ್ಕು ವರ್ಷದ ಮೇಲೆ. ನಮ್ಮಣ್ಣ ನಾಲ್ಕು ವರ್ಷ ದಿಲ್ಲಿಗೆ ಅಲೆಯುವುದು ಹೇಗೆ? ವಿಮಾನದಲ್ಲಾ?

ಈಗ ನನ್ನ ನಿಜವಾದ ಜಗಳಕ್ಕೆ ಬರುತ್ತೇನೆ. 1989ರ ದೌರ್ಜನ್ಯ ತಡೆ ಕಾಯ್ದೆ ನಮಗೆ ಬಾಯಿಪಾಠ. ದಲಿತನನ್ನು ನಾಲ್ಕು ಜನರ ಕಣ್ಣೆದುರು ಬೇಕೆಂದೇ ಅವಮಾನಿಸಿದರೆ ಆರು ತಿಂಗಳಿಂದ ಐದು ವರ್ಷ ಜೈಲು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಕಲಮು ತೆಗೆದು ಓದಿ. ಹೆಚ್ಚುಕಡಿಮೆ ಅದೇ ಮಾತು, ಅದೇ ಆರು ತಿಂಗಳು, ಅದೇ ಐದು ವರ್ಷ. ನಮ್ಮ ಹಿರಿಯರು ಏಟು ತಿಂದು ಗಳಿಸಿದ ಮಾತು ಅಲ್ಲಿ ಕೂತಿದೆ. ಓದಿದಾಗ ಮೈ ಜುಮ್ಮೆಂದಿತು. ಅಣ್ಣನಿಗೆ ಆದದ್ದು ಕಾನೂನಿನ ಭಾಷೆಯಲ್ಲಿ ಅಪರಾಧ. ಅದು ವಿಮಾನ ನಿಲ್ದಾಣದ ಗಾಜಿನ ಬಾಗಿಲು ದಾಟಿದ ಕೂಡಲೇ ‘ಸೇವಾ ಲೋಪ’ ಆಗುತ್ತದೆ. ಸೂಟ್‌ಕೇಸು ತಡವಾದದ್ದು, ಊಟ ತಣ್ಣಗಿದ್ದದ್ದು, ಮನುಷ್ಯನನ್ನು ಮೂಟೆ ಮಾಡಿದ್ದು, ಎಲ್ಲಾ ಒಂದೇ ಕಡತದಲ್ಲಿ. ಹಿಂದೆ ನಮ್ಮನ್ನು ‘ಹರಿಜನ’ ಅಂದ ಹಾಗೆ 2015ರಿಂದ ಇವರನ್ನು ‘ದಿವ್ಯಾಂಗ’ ಅನ್ನುತ್ತಾರೆ. ಹೆಸರಲ್ಲಿ ದೇವರು, ಬಾಗಿಲಲ್ಲಿ ತಡೆ.

ಹೊಸ ವಾದ ಬರುತ್ತದೆ, ಗೊತ್ತು. ಕೇಸು ಹಾಕಿದರೆ ಸಿಕ್ಕಿಬೀಳುವವನು ಆ ಬಡ ಲೋಡರ್ ಅಲ್ಲವಾ ಅಂತ. ಸರಿಯಾದ ಪ್ರಶ್ನೆ. ಆ ಹುಡುಗರು ಗುತ್ತಿಗೆ ಕೂಲಿಗಳು, ನಮ್ಮವರೇ ಇದ್ದಾರು. ಮೈಮುಟ್ಟಿ ಎತ್ತಿದವರು ಅವರೇ, ನಕ್ಕದ್ದು ಅವರಲ್ಲ ಅಂತ ಅಣ್ಣ ಇವತ್ತಿಗೂ ಹೇಳುತ್ತಾನೆ. ಅದಕ್ಕೇ ಅದೇ ಕಾಯ್ದೆಯಲ್ಲಿ 90ನೇ ಕಲಮು ಇದೆ: ಕಂಪನಿ ತಪ್ಪು ಮಾಡಿದರೆ ಅದನ್ನು ನಡೆಸುವ ಹೊಣೆ ಹೊತ್ತವನೂ ತಪ್ಪಿತಸ್ಥ. ಆದರೆ ಕಾಯ್ದೆ ಮುರಿದ ಮೊದಲ ತಪ್ಪಿಗೆ ಮಾಮೂಲಿ ದಂಡ ಎಷ್ಟು ಗೊತ್ತಾ? ಹೆಚ್ಚೆಂದರೆ ಹತ್ತು ಸಾವಿರ ರೂಪಾಯಿ. ಕೊನೆ ಗಳಿಗೆಯಲ್ಲಿ ಟಿಕೆಟು ಕೊಂಡವನು ಅದಕ್ಕಿಂತ ಜಾಸ್ತಿ ತೆತ್ತಿರುತ್ತಾನೆ.

ಅಮೆರಿಕ ನಮಗೇನೂ ಗುರುವಲ್ಲ. ಆದರೂ ಅಲ್ಲಿ 2000ದ ಕಾನೂನು ಅಂಗವಿಕಲರ ಒಂದೊಂದು ದೂರನ್ನೂ ಸರ್ಕಾರವೇ ತನಿಖೆ ಮಾಡಬೇಕು, ವರ್ಷಕ್ಕೊಮ್ಮೆ ಸಂಸತ್ತಿಗೆ ವರದಿ ಕೊಡಬೇಕು ಅಂದಿತು. 2024ರ ಅಕ್ಟೋಬರಿನಲ್ಲಿ ಅಮೆರಿಕನ್ ಏರ್‌ಲೈನ್ಸಿಗೆ ಬಿದ್ದ ದಂಡ ಐದು ಕೋಟಿ ಡಾಲರ್. ಇಲ್ಲಿ ಡಿಜಿಸಿಎಗೆ ನಾವು ಕೇಳುವುದು ಅಷ್ಟು ದೊಡ್ಡದೇನಲ್ಲ. ಅಂಗವಿಕಲರ ದೂರನ್ನು ಕಂಪನಿಗೆ ಮುಗಿಸಲು ಬಿಡಬೇಡಿ. ದೂರುದಾರ ‘ಮುಗಿಯಿತು’ ಅಂತ ಸಹಿ ಹಾಕುವವರೆಗೆ ಅದು ತೆರೆದೇ ಇರಲಿ. 92ನೇ ಕಲಮಿಗೆ ಸೇರುವಂಥದ್ದನ್ನು ನೀವೇ ಪೊಲೀಸರಿಗೆ ಕಳಿಸಿ. ದಂಡದ ದುಡ್ಡು ನೊಂದವನ ಕೈಗೆ ಬರಲಿ. ದೂರನ್ನು ಕನ್ನಡದಲ್ಲಿ ತಗೊಳ್ಳಿ.

ಮೊನ್ನೆ ಕಂಪನಿಯ ವಿಷಾದ ಪತ್ರವನ್ನು ಅಣ್ಣನಿಗೆ ಓದಿ ಹೇಳಿದೆ. ಅಂಗಳದಲ್ಲಿ ಒಣಹಾಕಿದ ಮೆಣಸಿನ ಪಕ್ಕ ಕೂತಿದ್ದ. ಪತ್ರ ಕೈಗೆ ತಗೊಂಡು ಬಹಳ ಹೊತ್ತು ನೋಡಿದ. ‘ನನ್ನ ಹೆಸರೇ ತಪ್ಪು ಬರ್ದವ್ರಲ್ಲೋ ತಮ್ಮಾ’ ಅಂದ. ಆಮೇಲೆ, ‘ಇನ್ನೊಂದು ಅರ್ಜಿ ಬರಿ. ಈ ಸಲ ಸ್ಟೇಷನ್ನಿಗೆ. ಕನ್ನಡದಲ್ಲೇ ಬರಿ, ನಾನೂ ಓದ್ಬೇಕು.’

ಬರೆಯುತ್ತಿದ್ದೇನೆ.