ಮಾರಿದ ಮೇಲೆ ಗುರುತು ಏಕೆ?

ದೊಡ್ಡ ಅಂಗಡಿಗಳಲ್ಲಿ ಕೊಂಡ ಅಂಗಿಯ ಬೆಲೆಚೀಟಿಯೊಳಗೆ ಇಂದು ಆರ್‌ಎಫ್‌ಐಡಿ ಎಂಬ ಸಣ್ಣ ಬಿಲ್ಲೆ ಅಡಗಿರುವುದುಂಟು. ಅದಕ್ಕೆ ಬ್ಯಾಟರಿ ಬೇಕಿಲ್ಲ. ಯಂತ್ರವು ಬೀರುವ ರೇಡಿಯೋ ಅಲೆಗಳಿಂದಲೇ ಶಕ್ತಿ ಪಡೆದು, ಕೆಲವು ಮೀಟರು ದೂರಕ್ಕೆ ತನ್ನ ಸಂಖ್ಯೆಯನ್ನು ತಿಳಿಸುತ್ತದೆ. ಕಟ್ಟು ಬಿಚ್ಚದೆಯೇ ಸರಕಿನ ಲೆಕ್ಕ ಸಿಗುತ್ತದೆ. ವರ್ತಕರಿಗೆ ಇದರಿಂದಾಗುವ ಅನುಕೂಲವನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಉಗ್ರಾಣದಲ್ಲಿ ಸರಕನ್ನು ಗುರುತಿಸುವುದು ಬೇರೆ, ಅದನ್ನು ಕೊಂಡವರನ್ನು ಗುರುತಿಸುವುದು ಬೇರೆ. ಬಿಲ್ಲೆಯ ಸಂಖ್ಯೆಯೊಡನೆ ರಸೀತಿಗೆ ಕೊಟ್ಟ ದೂರವಾಣಿ ಸಂಖ್ಯೆಯೂ ಸೇರಿದರೆ, ಅಂಗಿ ತೊಟ್ಟವರು ಮತ್ತೆ ಬಾಗಿಲು ದಾಟಿದೊಡನೆ ಅವರಾರೆಂದು ಅಂಗಡಿಗೆ ತಿಳಿಯಬಲ್ಲುದು. 2003ರಲ್ಲಿ ಇಟಲಿಯ ಬೆನೆಟನ್ ಉಡುಪುಗಳಿಗೆ ಇಂಥ ಬಿಲ್ಲೆ ಬರಲಿದೆಯೆಂಬ ಸುದ್ದಿ ಹೊರಟಾಗ ಗ್ರಾಹಕರ ಸಂಘಟನೆಯೊಂದು ಬಹಿಷ್ಕಾರಕ್ಕೆ ಕರೆಯಿತ್ತಿತು. ಬಿಲ್ಲೆಗಳನ್ನು ಇನ್ನೂ ಅಳವಡಿಸಿಲ್ಲವೆಂದು ಕಂಪೆನಿಯು ಸ್ಪಷ್ಟಪಡಿಸಬೇಕಾಯಿತು.

ಪರಿಹಾರವು ಕಷ್ಟವೇನಲ್ಲ. 2004ರಲ್ಲಿ ಅಂಗೀಕೃತವಾದ ‘ಜೆನ್ 2’ ಮಾನದಂಡದಲ್ಲಿಯೇ ಬಿಲ್ಲೆಯನ್ನು ಶಾಶ್ವತವಾಗಿ ಮೌನಗೊಳಿಸುವ ಆಜ್ಞೆಯುಂಟು. ಹಣ ಪಡೆದೊಡನೆ ಅಂಗಡಿಯವರು ಅದನ್ನು ಪ್ರಯೋಗಿಸಲಿ, ಇಲ್ಲವೆ ಚೀಟಿಯನ್ನೇ ಕತ್ತರಿಸಿ ತೆಗೆಯಲಿ. ಸರಕು ಮರಳಿಸಲು ರಸೀತಿ ಸಾಕು. ಸರ್ಕಾರವು ಇದನ್ನು ನಿಯಮವಾಗಿಸಬೇಕೆಂಬುದು ನಮ್ಮ ಆಗ್ರಹ. ಮಾರಾಟವಾದ ವಸ್ತು ಕೊಂಡವರದು. ಅದರ ಜಾಡು ಹಿಡಿಯುವ ಹಕ್ಕು ವರ್ತಕರಿಗಿಲ್ಲ.